ಮೊಣಕಾಲಿನ ಮೃದ್ವಸ್ಥಿಯ ಮರುರಚನೆ: ಅಂಗಾಂಶ ತಂತ್ರಜ್ಞಾನ ನಡೆದುಬಂದ ದಾರಿ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳು ಘಟಪ್ರಭಾ ನದಿಯ ನೀರಿನಿಂದ ಕಬ್ಬಿನ ನಾಡಾಗಿ ಬೆಳೆದಿದ್ದು, ಬಗ್ಗಿ ಕಬ್ಬು ಕಡಿಯುವುದು, ಹೊರೆ ಹೊತ್ತು ಟ್ರ್ಯಾಕ್ಟರಿಗೆ ಏರಿಸುವುದು, ಕುಕ್ಕರುಗಾಲಲ್ಲಿ ಕುಳಿತು ಕಳೆ ತೆಗೆಯುವುದು ಇಲ್ಲಿಯ ದುಡಿಮೆಯ ಭಾಗವಾಗಿವೆ. ಭಾರ ಹೊರುವ ಮತ್ತು ದೀರ್ಘಕಾಲ ಮಂಡಿ ಮಡಚಿ ಮಾಡುವ ಕೆಲಸಗಳು ಮೊಣಕಾಲಿನ ಸವೆತದ ಅಪಾಯವನ್ನು ಹೆಚ್ಚಿಸುತ್ತವೆ ಎಂಬುದು ಹಲವು ದೇಶಗಳ ಅಧ್ಯಯನಗಳಿಂದ ದೃಢಪಟ್ಟಿದೆ. ಕಬಡ್ಡಿ ಅಂಕಣದಲ್ಲೋ ಕುಸ್ತಿಯ ಕಣದಲ್ಲೋ ಮೊಣಕಾಲು ತಿರುಚಿಕೊಂಡ ತರುಣನ ನೋವು ಇದಕ್ಕಿಂತ ಬೇರೆ ಬಗೆಯದು. ಹಲವು ವರ್ಷಗಳಲ್ಲಿ ಇಡೀ ಕೀಲು ಸವೆಯುವ ಕಾಯಿಲೆ ಒಂದು, ಪೆಟ್ಟಿನಿಂದ ಒಂದೆಡೆ ಮಾತ್ರ ಮೃದ್ವಸ್ಥಿ ಕಿತ್ತುಹೋಗುವ ಗಾಯ ಇನ್ನೊಂದು. ಅಂಗಾಂಶ ತಂತ್ರಜ್ಞಾನದ ಸಾಧನೆಗಳನ್ನೂ ಮಿತಿಗಳನ್ನೂ ಅರಿಯಲು ಈ ವ್ಯತ್ಯಾಸವೇ ಕೀಲಿಕೈ.

ಕೀಲಿನಲ್ಲಿ ಎದುರುಬದುರಾಗುವ ಎಲುಬುಗಳ ತುದಿಯನ್ನು ಹೊದಿಸಿರುವ, ನುಣುಪಾದ, ಕೆಲವೇ ಮಿಲಿಮೀಟರ್ ದಪ್ಪದ ಬಿಳಿಯ ಪದರವೇ ಮೃದ್ವಸ್ಥಿ. ಅದರ ತೂಕದಲ್ಲಿ ಹೆಚ್ಚಿನ ಪಾಲು ನೀರು. ಎರಡನೆಯ ಬಗೆಯ ಕೊಲಾಜನ್ ಎಂಬ ಪ್ರೋಟೀನಿನ ನಾರುಗಳು ಅದಕ್ಕೆ ಬಿಗಿಯನ್ನು ಕೊಟ್ಟರೆ, ಪ್ರೋಟಿಯೋಗ್ಲೈಕಾನ್ ಎಂಬ ಬೃಹದಣುಗಳು ನೀರನ್ನು ಹಿಡಿದಿಟ್ಟು ಭಾರವನ್ನು ತಾಳಿಕೊಳ್ಳುತ್ತವೆ. ಈ ಪದರದಲ್ಲಿ ರಕ್ತನಾಳವಾಗಲಿ ನರವಾಗಲಿ ಇಲ್ಲ. ಇದನ್ನು ಕಟ್ಟಿ ಕಾಯುವ ಮೃದ್ವಸ್ಥಿಕೋಶಗಳು ವಿರಳವಾಗಿದ್ದು, ತಮ್ಮ ಸುತ್ತಲಿನ ದಟ್ಟ ದ್ರವ್ಯದಲ್ಲಿ ಹುದುಗಿ ಇದ್ದಲ್ಲೇ ಇರುತ್ತವೆ. ಚರ್ಮದ ಗಾಯಕ್ಕೆ ರಕ್ತದೊಡನೆ ಧಾವಿಸಿ ಬರುವ ದುರಸ್ತಿಕೋಶಗಳು ಇಲ್ಲಿಗೆ ತಲುಪುವುದಿಲ್ಲವಾದ್ದರಿಂದ ಆದ ಗಾಯ ಹಾಗೆಯೇ ಉಳಿಯುತ್ತದೆ. ಒಮ್ಮೆ ನಾಶವಾದ ಮೃದ್ವಸ್ಥಿ ಮರಳಿ ಬೆಳೆಯದೆಂದು ಬ್ರಿಟನ್ನಿನ ಅಂಗರಚನಾಶಾಸ್ತ್ರಜ್ಞ ವಿಲಿಯಂ ಹಂಟರ್ 1743ರಲ್ಲೇ ದಾಖಲಿಸಿದ್ದನು.

ಮೊದಲ ಉತ್ತರಗಳು ಶಸ್ತ್ರಚಿಕಿತ್ಸಕರಿಂದ ಬಂದವು. ಬ್ರಿಸ್ಟಲ್ ನಗರದ ಕೆನ್ನೆತ್ ಪ್ರೈಡಿ 1959ರಲ್ಲಿ, ಗಾಯದ ತಳದ ಎಲುಬಿಗೆ ರಂಧ್ರ ಕೊರೆದು ಮಜ್ಜೆಯ ರಕ್ತವನ್ನು ಮೇಲೆ ಬರಿಸುವ ಕ್ರಮವನ್ನು ವಿವರಿಸಿದರು. 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ ಅದನ್ನೇ ಪರಿಷ್ಕರಿಸಿ, ಚೂಪಾದ ಉಪಕರಣದಿಂದ ಸಣ್ಣ ಸಣ್ಣ ತೂತುಗಳನ್ನು ಮಾಡುವ ಮೈಕ್ರೋಫ್ರ್ಯಾಕ್ಚರ್ ವಿಧಾನವನ್ನು ರೂಢಿಗೆ ತಂದರು. ಇದರಿಂದ ಗಾಯವೇನೋ ತುಂಬುತ್ತದೆ, ಆದರೆ ತುಂಬುವುದು ಬಹುಮಟ್ಟಿಗೆ ಮೊದಲನೆಯ ಬಗೆಯ ಕೊಲಾಜನ್ ಇರುವ ನಾರುಮೃದ್ವಸ್ಥಿಯಾಗಿದ್ದು, ಮೂಲ ಪದರದಷ್ಟು ಬಾಳಿಕೆ ಬರುವುದಿಲ್ಲ.

ಕೋಶಗಳನ್ನೇ ಬೆಳೆಸಿ ನಾಟಿ ಮಾಡುವ ನಿಜವಾದ ತಿರುವು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಆಯಿತು. ಅಲ್ಲಿ 1987ರಲ್ಲಿ ಆರಂಭವಾದ ಈ ಚಿಕಿತ್ಸೆಯ ಫಲಿತಾಂಶವನ್ನು ಮ್ಯಾಟ್ಸ್ ಬ್ರಿಟ್‌ಬರ್ಗ್, ಲಾರ್ಸ್ ಪೀಟರ್ಸನ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದರು. ರೋಗಿಯದೇ ಮೊಣಕಾಲಿನಲ್ಲಿ ಭಾರ ಬೀಳದ ಕಡೆಯಿಂದ ಚೂರು ಮೃದ್ವಸ್ಥಿಯನ್ನು ತೆಗೆದು, ಕೋಶಗಳನ್ನು ಬಿಡಿಸಿ, ಪ್ರಯೋಗಾಲಯದಲ್ಲಿ ಕೆಲವು ವಾರ ಬೆಳೆಸಿ, ಗಾಯದ ಮೇಲೆ ಹೊಲಿದ ಎಲುಬುಪೊರೆಯ ಕೆಳಗೆ ತುಂಬುವುದು ಅವರ ಕ್ರಮ. ಒಟ್ಟು 23 ರೋಗಿಗಳಲ್ಲಿ, ತೊಡೆಯೆಲುಬಿನ ತುದಿಯಲ್ಲಿ ಗಾಯವಿದ್ದ 16 ಜನರ ಪೈಕಿ 14 ಮಂದಿಗೆ ಎರಡು ವರ್ಷಗಳ ನಂತರ ಒಳ್ಳೆಯ ಫಲ ದೊರೆಯಿತು; ಮಂಡಿಚಿಪ್ಪಿನಲ್ಲಿ ಗಾಯವಿದ್ದ 7 ಜನರಲ್ಲಿ ಇಬ್ಬರಿಗೆ ಮಾತ್ರ ಹಾಗಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1997ರಲ್ಲಿ ಕಾರ್ಟಿಸೆಲ್ ಎಂಬ ಹೆಸರಿನಲ್ಲಿ ಇಂಥ ಕೋಶಗಳಿಗೆ ಅನುಮತಿ ನೀಡಿತು.

ಆದರೆ ಚಪ್ಪಟೆ ತಟ್ಟೆಯಲ್ಲಿ ಹರಡಿ ಬೆಳೆದ ಮೃದ್ವಸ್ಥಿಕೋಶಗಳು ತಮ್ಮ ಗುಣವನ್ನು ಕಳೆದುಕೊಂಡು ನಾರುಕೋಶಗಳಂತೆ ವರ್ತಿಸತೊಡಗುತ್ತವೆ. ಅವನ್ನು ಅಗರೋಸ್ ಎಂಬ ಲೋಳೆದ್ರವ್ಯದಲ್ಲಿ ಮೂರು ಆಯಾಮಗಳಲ್ಲಿ ಇರಿಸಿದರೆ ಹಳೆಯ ಗುಣ ಮರಳುತ್ತದೆಂದು ಬೆನ್ಯಾ ಮತ್ತು ಶಾಫರ್ 1982ರಲ್ಲೇ ತೋರಿಸಿದ್ದರು. ಕೋಶಕ್ಕೆ ಆಸರೆಯಾಗುವ ಹಂದರವೂ ಕೋಶದಷ್ಟೇ ಮುಖ್ಯವೆಂಬ ಈ ಅರಿವು, ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ 1993ರಲ್ಲಿ ಬರೆದ ಲೇಖನದಿಂದ ಅಂಗಾಂಶ ತಂತ್ರಜ್ಞಾನವೆಂಬ ಶಾಸ್ತ್ರದ ಚೌಕಟ್ಟಿನೊಳಗೆ ಸೇರಿತು. ಬಳ್ಳಿಗೆ ಚಪ್ಪರವಿದ್ದಂತೆ ಕೋಶಗಳಿಗೆ ಹಂದರ. ಅಂಗಾಂಶ ಗಟ್ಟಿಯಾಗುವವರೆಗೆ ಅದು ಆಧಾರ ಕೊಟ್ಟು, ಬಳಿಕ ದೇಹದಲ್ಲಿ ಕರಗಿಹೋಗಬೇಕು. ಹಂದಿಯ ಕೊಲಾಜನ್ ಪೊರೆಯ ಮೇಲೆ ರೋಗಿಯ ಕೋಶಗಳನ್ನು ಬಿತ್ತಿದ ಮ್ಯಾಸಿ ಎಂಬ ಉತ್ಪನ್ನವು, 144 ರೋಗಿಗಳ ಪರೀಕ್ಷೆಯಲ್ಲಿ, 3 ಚದರ ಸೆಂಟಿಮೀಟರಿಗೆ ಕಡಿಮೆಯಿಲ್ಲದ ಗಾಯಗಳಿಗೆ ಮೈಕ್ರೋಫ್ರ್ಯಾಕ್ಚರಿಗಿಂತ ಮೇಲೆನಿಸಿ, 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಭಾರತದಲ್ಲಿ ರಿಗ್ರೋ ಬಯೋಸೈನ್ಸಸ್ ಕಂಪನಿಯ ಕಾರ್ಟಿಗ್ರೋ ಎಂಬ ಸ್ವಂತಕೋಶ ಚಿಕಿತ್ಸೆಗೆ 2017ರಲ್ಲಿ ಒಪ್ಪಿಗೆ ದೊರೆತಿದೆ. ರೇಷ್ಮೆಯ ಪ್ರೋಟೀನಿನಿಂದ ಹಂದರ ಮುದ್ರಿಸುವ ಸಂಶೋಧನೆ ದೆಹಲಿಯ ಐಐಟಿಯಲ್ಲಿ ನಡೆದಿದ್ದು, ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ಬೆಳೆಯುವ ಕರ್ನಾಟಕಕ್ಕೆ ಅದು ವಿಶೇಷ ಆಸಕ್ತಿಯ ವಿಷಯವಾಗಿದೆ.

ಮೂರನೆಯ ಹಂತ ಆಕರಕೋಶಗಳದು. ಮೂಳೆ, ಕೊಬ್ಬು, ಮೃದ್ವಸ್ಥಿ ಮುಂತಾದ ಬೇರೆ ಬೇರೆ ಅಂಗಾಂಶಗಳಾಗಿ ಮಾರ್ಪಡಬಲ್ಲ ಈ ಮಜ್ಜೆಯ ಕೋಶಗಳು ಉರಿಯೂತವನ್ನು ತಗ್ಗಿಸುವ ಪದಾರ್ಥಗಳನ್ನೂ ಸ್ರವಿಸುತ್ತವೆ. ಈ ಹಂತದಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಸ್ಟೆಮ್‌ಪ್ಯೂಟಿಕ್ಸ್ ರಿಸರ್ಚ್ ಕಂಪನಿಯು ದಾನಿಗಳ ಮಜ್ಜೆಯಿಂದ ಬೆಳೆಸಿದ ಸ್ಟೆಮ್‌ಪ್ಯೂಸೆಲ್ ಎಂಬ ಚುಚ್ಚುಮದ್ದನ್ನು ಮೊಣಕಾಲು ಸವೆತದ 146 ರೋಗಿಗಳಲ್ಲಿ ಪರೀಕ್ಷಿಸಿತು. ಔಷಧರಹಿತ ಚುಚ್ಚುಮದ್ದು ಪಡೆದವರಿಗಿಂತ ಇದನ್ನು ಪಡೆದವರಲ್ಲಿ ಒಂದು ವರ್ಷದ ಅವಧಿಯಲ್ಲಿ ನೋವು ಹೆಚ್ಚು ತಗ್ಗಿ, ಚಲನೆ ಸುಧಾರಿಸಿತು. 2022ರಲ್ಲಿ ದೇಶದ ಔಷಧ ನಿಯಂತ್ರಕರಿಂದ ಅದಕ್ಕೆ ಅನುಮತಿ ಸಿಕ್ಕಿತು. ಹೋದ ಮೃದ್ವಸ್ಥಿ ಪೂರ್ತಿ ಮರಳಿ ಬೆಳೆಯಿತೆಂದು ಈ ಪರೀಕ್ಷೆ ಸಾಬೀತುಪಡಿಸಿಲ್ಲ ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಚಿತ್ ಅಗರ್ವಾಲ್ ಅವರ ತಂಡವು ಔಷಧವನ್ನು ಸೂಕ್ಷ್ಮಕಣಗಳಲ್ಲಿ ತುಂಬಿ ಕೀಲಿನೊಳಗೆ ನಿಧಾನವಾಗಿ ಬಿಡುವ ದಾರಿಯನ್ನು ಇಲಿಗಳಲ್ಲಿ ಪರೀಕ್ಷಿಸಿದ್ದು, ಇದ್ದ ಮೃದ್ವಸ್ಥಿಯನ್ನು ಉಳಿಸಿಕೊಳ್ಳುವುದು ಅದರ ಗುರಿಯಾಗಿದೆ.

ಇಷ್ಟರ ಸಾರವೆಂದರೆ, ಹಂಟರನ ತೀರ್ಪು ಭಾಗಶಃ ಮಾತ್ರ ತಿದ್ದುಪಡಿಯಾಗಿದೆ. ಪ್ರಾಯದವರ, ಸುತ್ತಲಿನ ಪದರ ಗಟ್ಟಿಯಾಗಿರುವ, ಒಂದೆಡೆಗೆ ಸೀಮಿತವಾದ ಗಾಯಕ್ಕೆ ಕೋಶನಾಟಿ ಫಲ ಕೊಡುತ್ತದೆ. ಇಡೀ ಕೀಲು ಸವೆದ ಹಿರಿಯರಿಗೆ ತೂಕ ಇಳಿಸುವುದು, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಕೊನೆಗೆ ಕೀಲು ಬದಲಾವಣೆ ಇಂದಿಗೂ ನಂಬಬಹುದಾದ ದಾರಿಗಳು. ಆಕರಕೋಶದ ಹೆಸರಿನಲ್ಲಿ ಅನುಮೋದನೆಯಿಲ್ಲದ ಚುಚ್ಚುಮದ್ದನ್ನು ಹಣಕ್ಕೆ ಕೊಡುವುದು 2017ರ ರಾಷ್ಟ್ರೀಯ ಮಾರ್ಗಸೂಚಿಗೆ ವಿರುದ್ಧವಾದದ್ದು; ಹೊಲ ಅಡವಿಟ್ಟು ಅಂಥದಕ್ಕೆ ದುಡ್ಡು ಸುರಿಯುವ ಮುನ್ನ, ಅನುಮತಿ ಯಾವ ಕಾಯಿಲೆಗೆ, ಯಾವ ಹಂತಕ್ಕೆ ಸಿಕ್ಕಿದೆಯೆಂದು ರೋಗಿಗಳು ಕೇಳಲೇಬೇಕು. ಆಟದಲ್ಲಿ ಮೊಣಕಾಲು ತಿರುಚಿ ಬಾವು ಬಂದ ತರುಣರನ್ನು ಎಣ್ಣೆ ತಿಕ್ಕಿಸುತ್ತ ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸದೆ, ಎಲುಬು ಕೀಲು ತಜ್ಞರಿಗೆ ಬೇಗನೆ ತೋರಿಸುವ ರೂಢಿ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಶಾಲೆಗಳಲ್ಲೂ ಗರಡಿಮನೆಗಳಲ್ಲೂ ಬೆಳೆಯಬೇಕು. ಗಾಯ ಚಿಕ್ಕದಿರುವಾಗ ಬಂದವರಿಗೆ ಮಾತ್ರ ಈ ವಿಜ್ಞಾನ ಪೂರ್ಣವಾಗಿ ನೆರವಾಗಬಲ್ಲದು.