ಹುಳುವಿನ ದವಡೆ, ಉಕ್ಕಿನ ಹಲ್ಲು

ಯಂತ್ರಗಳ ಚರಿತ್ರೆಯೆಂದರೆ ಎಂಜಿನ್ನುಗಳ ಚರಿತ್ರೆಯೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಮರ ಕಡಿಯುವ ಸರಪಳಿ ಗರಗಸದ ಚರಿತ್ರೆ ಈ ಭಾವನೆಯನ್ನು ತಿದ್ದುತ್ತದೆ. ಅಲ್ಲಿ ಎಂಜಿನ್ನು ಮೊದಲು ಬಂದಿತು. ತಕ್ಕ ಹಲ್ಲು ಬರಲು ತಡವಾಯಿತು. ಆ ಹಲ್ಲಿನ ಕಥೆಯನ್ನು ನಾನಿಲ್ಲಿ ಹೇಳಬಯಸುತ್ತೇನೆ.

ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದಲೂ 1929ರಲ್ಲಿ ಪೆಟ್ರೋಲಿನಿಂದಲೂ ನಡೆಯುವ ಸರಪಳಿ ಗರಗಸಗಳನ್ನು ನಿರ್ಮಿಸಿದನು. ಶಕ್ತಿಯೇನೋ ದೊರೆಯಿತು. ಆದರೆ ಆ ಕಾಲದ ಸರಪಳಿಗೆ ಕೈಗರಗಸದ ಹಲ್ಲುಗಳೇ ಮಾದರಿ. ಅವು ಮರವನ್ನು ಕೆರೆದು ಪುಡಿಮಾಡುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು. ಅವನ್ನು ಮತ್ತೆ ಹರಿತಗೊಳಿಸಲು ಬಹಳ ಹೊತ್ತೂ ನೈಪುಣ್ಯವೂ ಬೇಕಾಗುತ್ತಿತ್ತು.

1946ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವ ಕೆಲಸಗಾರನಿಗೆ ಒಂದು ಬೊಡ್ಡೆಯೊಳಗೆ ದುಂಬಿಯ ಮರಿಹುಳು ಕಾಣಿಸಿತು. ಬೆರಳುಗಾತ್ರದ ಆ ಹುಳು ಬಾಗಿದ ದವಡೆಗಳನ್ನು ಎಡಬಲಕ್ಕೆ ಆಡಿಸುತ್ತ, ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಕೊರೆದು ಸಾಗುತ್ತಿತ್ತು. ಕಾಕ್ಸ್ ಪೋರ್ಟ್‌ಲೆಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಆ ದವಡೆಯನ್ನು ಉಕ್ಕಿನಲ್ಲಿ ಮೂಡಿಸಿದನು. ಒಂದು ಹಲ್ಲು ಎಡಕ್ಕೆ, ಮತ್ತೊಂದು ಬಲಕ್ಕೆ ಬಾಗಿದ ಈ ಸರಪಳಿಯನ್ನು ತಯಾರಿಸಲು 1947ರಲ್ಲಿ ಅವನದೇ ಕಂಪನಿ ಹುಟ್ಟಿತು. ಇಂದಿನ ಸರಪಳಿಗಳು ಬಹುಮಟ್ಟಿಗೆ ಅದರ ಸಂತತಿಯೇ.

ಈ ಹಲ್ಲಿನ ಇನ್ನೊಂದು ಗುಣ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ಒಂದು ದುಂಡನೆಯ ಅರವಿದ್ದರೆ ಕೆಲಸಗಾರನೇ ಕಾಡಿನಲ್ಲಿ ಕುಳಿತು ಅದನ್ನು ಹರಿತಗೊಳಿಸಬಹುದು. ಸಾಮಾನ್ಯವಾಗಿ ಸುಮಾರು 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ಅರವನ್ನು ಉಜ್ಜಬೇಕು. ಹಲ್ಲುಗಳೆಲ್ಲ ಒಂದೇ ಅಳತೆಗೆ ಬರಬೇಕು. ಎಡಬಲಗಳಲ್ಲಿ ಅಸಮವಾದರೆ ಗರಗಸ ಓರೆಯಾಗಿ ಕೊಯ್ಯುತ್ತದೆ. ಪ್ರತಿ ಹಲ್ಲಿನ ಮುಂದೆಯೂ ಕಚ್ಚುವ ಆಳವನ್ನು ನಿಯಮಿಸುವ ಒಂದು ಗೂಟವಿದೆ. ಹಲ್ಲು ಸವೆದಂತೆ ಇದನ್ನೂ ಚಪ್ಪಟೆ ಅರದಿಂದ ತಗ್ಗಿಸಬೇಕು. ಮಿತಿಮೀರಿ ತಗ್ಗಿಸಿದರೆ ಹಲ್ಲು ಆಳಕ್ಕೆ ಕಚ್ಚಿ, ಗರಗಸ ಹಿಡಿದವನ ಮುಖದತ್ತಲೇ ಸಿಡಿಯುವ ಅಪಾಯ ಹೆಚ್ಚುತ್ತದೆ. ಹರಿತವಾದ ಸರಪಳಿ ಚಕ್ಕೆ ಉದುರಿಸುತ್ತದೆ; ಮೊಂಡಾದದ್ದು ಹುಡಿಯನ್ನು. ಹುಡಿ ಕಂಡಮೇಲೂ ಮೈಭಾರ ಹಾಕಿ ಒತ್ತುವವನು ತನ್ನ ತೋಳನ್ನೇ ಸವೆಸುತ್ತಾನೆ.

ಮರಿಹುಳು ಪೊರೆ ಕಳಚಿದಾಗಲೆಲ್ಲ ಅದಕ್ಕೆ ಹೊಸ ದವಡೆ ಬರುತ್ತದೆ. ಕಾಕ್ಸ್ ಪ್ರಕೃತಿಯಿಂದ ದವಡೆಯ ಆಕಾರವನ್ನು ಪಡೆದನು. ಪೊರೆ ಕಳಚುವ ವರವನ್ನು ಪಡೆಯಲಾಗಲಿಲ್ಲ. ಆ ಕೊರತೆಯನ್ನು ಇಂದಿಗೂ ತುಂಬುತ್ತಿರುವುದು ಅರ ಹಿಡಿದ ಕೆಲಸಗಾರನ ಕೈ.