ಮಲ್ಲಸಮುದ್ರದ ಜಮೀನು, ದೋರ್ನಕಲ್ಲಿನ ಸಭೆ

ಮೊನ್ನೆ ನಮ್ಮ ಸಭೆಯ ಕಮಿಟಿಗೆ ಒಂದು ಅರ್ಜಿ ಬಂತು. ಊರ ಹೊರಗಿನ ಹೊಸ ಬಡಾವಣೆಯಲ್ಲಿ ನಮ್ಮವೇ ಹದಿನಾಲ್ಕು ಮನೆಗಳಿವೆ. ಭಾನುವಾರ ಆರಾಧನೆಗೆ ಬರಬೇಕೆಂದರೆ ಎರಡು ಬಸ್ ಹತ್ತಿಳಿಯಬೇಕು. ವಯಸ್ಸಾದವರು ಬರೋದನ್ನೇ ಬಿಟ್ಟಿದ್ದಾರೆ. "ಅಲ್ಲೇ ನಮಗೊಂದು ಸಭೆ ಶುರುಮಾಡಿ ಕೊಡಿ" ಅಂತ ಕೇಳಿದ್ದರು. ಚರ್ಚೆ ಹತ್ತು ನಿಮಿಷವೂ ನಡೆಯಲಿಲ್ಲ. "ಇಲ್ಲಿನ ಕಾಣಿಕೆ ಕಡಿಮೆಯಾಗುತ್ತೆ. ಮೇಲಿನವರು ದುಡ್ಡು ಕೊಟ್ಟರೆ ನೋಡೋಣ" ಅಂದರು ಹಿರಿಯರೊಬ್ಬರು. ಅರ್ಜಿ ಮುಂದಿನ ಮೀಟಿಂಗಿಗೆ ಹೋಯಿತು. ನಾನೂ ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಆವತ್ತು ಹೇಳಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

"ಮೇಲಿನವರು ಕೊಟ್ಟರೆ" ಅನ್ನೋ ಮಾತು ನಮ್ಮ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಅದಕ್ಕೊಂದು ಚರಿತ್ರೆ ಇದೆ. 1833ರ ಚಾರ್ಟರ್ ಕಾಯಿದೆಯಿಂದ ಬ್ರಿಟಿಷರಲ್ಲದ ಮಿಶನರಿಗಳಿಗೂ ಇಲ್ಲಿ ದಾರಿಯಾಯಿತು. 1834ರಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಹೀಗೆ ಒಂದರ ಹಿಂದೊಂದು ಠಾಣ್ಯಗಳು ಎದ್ದವು. ಶಾಲೆ, ಅಚ್ಚುಕೂಟ, ನೇಯ್ಗೆ, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ, ಎಲ್ಲವೂ ಬಂತು. ಕನ್ನಡಕ್ಕೆ ಇವರಿಂದ ಆದ ಉಪಕಾರವನ್ನು ಯಾರೂ ಮರೆಯುವಂತಿಲ್ಲ. ಆದರೆ ಹೊಸ ಠಾಣ್ಯ ಎಲ್ಲಿ, ಯಾವಾಗ, ಎಷ್ಟು ಖರ್ಚು ಎಂಬ ತೀರ್ಮಾನದ ಕೀಲಿಕೈ ಇದ್ದದ್ದು ದೂರದ ಸ್ವಿಟ್ಜರ್‌ಲೆಂಡಿನ ಒಂದು ಕಮಿಟಿಯ ಕೈಯಲ್ಲಿ.

ಬೆಟಗೇರಿ ಹತ್ತಿರದ ಮಲ್ಲಸಮುದ್ರದ ಕತೆ ಕೇಳಿ. 1840ರ ಸುಮಾರಿಗೆ ಆ ಸೀಮೆಯಲ್ಲಿ ಕಾಲಜ್ಞಾನವನ್ನು ನಂಬುವ ಕೆಲವು ಪಂಥದವರು ಮಿಶನರಿಗಳ ಮಾತಿಗೆ ಕಿವಿಗೊಟ್ಟರು. ಇವರು ಗುಂಪುಗುಂಪಾಗಿ ಬರುತ್ತಾರೆಂಬ ಆಸೆಯಿಂದ ಮಿಶನ್ ಅಲ್ಲಿ ಜಮೀನು ಹಿಡಿದು ಬೇಸಾಯದ ವಸಾಹತು ಹೂಡಿತು. ನಿರೀಕ್ಷೆಯಿಟ್ಟಿದ್ದ ಜನ ಬರಲಿಲ್ಲ. ಜಾಗ ಮೊದಲು ಸಿದ್ಧವಾಯಿತು, ಸಭೆ ಆಮೇಲೆ ಬರಬೇಕಿತ್ತು. ನಮ್ಮ ಕಮಿಟಿಯ ಮುಂದೆ ಇರೋದು ಇದರ ತಿರುವುಮುರುವು. ಸಭೆ ಆಗಲೇ ಅಲ್ಲಿದೆ, ಜಾಗ ಒಂದೇ ಇಲ್ಲ.

ಮಂಗಳೂರಿನಲ್ಲಿ ಸಭೆಗಳು ನಿಂತವು, ಬೆಳೆದವು, ನಿಜ. ಜಾತಿ ಬಿಟ್ಟು ಬಂದವರಿಗೆ ಮನೆಯೂ ಹೋಗುತ್ತಿತ್ತು, ಕಸುಬೂ ಹೋಗುತ್ತಿತ್ತು. ಅವರಿಗೆ ಹೊಟ್ಟೆಗೆ ಹಿಟ್ಟಾದದ್ದು ಮಿಶನ್ನಿನ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳೇ. ಆದರೆ ಒಂದೇ ಕೈ ಕೆಲಸವನ್ನೂ ಪಾದ್ರಿಯನ್ನೂ ದೇವಾಲಯವನ್ನೂ ಕೊಡುತ್ತಿದ್ದರೆ, ತಾವಾಗಿ ಮುಂದಿನ ಊರಿಗೆ ಹೋಗಬೇಕೆಂಬ ಯೋಚನೆ ಸಭೆಗೆ ಹೇಗೆ ಬಂದೀತು? 1914ರಲ್ಲಿ ಯುದ್ಧ ಬಂತು. ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು, ಆಮೇಲೆ ದೇಶದಿಂದಲೇ ಕಳಿಸಿತು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕೊಡುವ ಕೈ ಹೀಗೆ ಹೋದ ಮೇಲೆ ಉಳಿದವರು ಊರಿನ ಪಾದ್ರಿಗಳು, ಉಪದೇಶಿಗಳು, ಸಭೆಯ ಹಿರಿಯರು.

ಈಗ ಇನ್ನೊಂದು ಊರು ನೋಡೋಣ. ತಿರುನೆಲ್ವೇಲಿಯ ತಮಿಳು ಸಭೆಗಳೂ ವಿದೇಶಿ ಮಿಶನ್ನಿನ ನೆರಳಲ್ಲೇ ಬೆಳೆದವು. ಅಲ್ಲಿನ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ ವೈ.ಎಂ.ಸಿ.ಎ. ಕೆಲಸದಲ್ಲಿದ್ದ ತರುಣ. 1902ರಲ್ಲಿ ಜಾಫ್ನಾಕ್ಕೆ ಹೋದಾಗ, ಅಲ್ಲಿನ ತಮಿಳು ಕ್ರೈಸ್ತರು ತಾವೇ ದುಡ್ಡು ಕೂಡಿಸಿ ಬೇರೆ ಕಡೆಗೆ ಸೇವಕರನ್ನು ಕಳಿಸುತ್ತಿದ್ದುದನ್ನು ಕಂಡರು. ನಮ್ಮೂರಲ್ಲಿ ಯಾಕಿಲ್ಲ ಅನ್ನಿಸಿತು. ಮರುವರ್ಷ, 1903ರಲ್ಲಿ, ಪಾಳಯಂಕೋಟೆಯಲ್ಲಿ ಇಂಡಿಯನ್ ಮಿಶನರಿ ಸೊಸೈಟಿ ಹುಟ್ಟಿತು. ಜನ ನಮ್ಮವರೇ, ದುಡ್ಡು ನಮ್ಮದೇ, ಆಡಳಿತವೂ ನಮ್ಮದೇ ಎಂಬುದು ಅದರ ನಿಯಮ.

ಅವರು ಆರಿಸಿಕೊಂಡ ಜಾಗ ನಿಜಾಮರ ಸೀಮೆಯ ದೋರ್ನಕಲ್, ಈಗಿನ ತೆಲಂಗಾಣದ ರೈಲ್ವೆ ಜಂಕ್ಷನ್. ಭಾಷೆ ಬೇರೆ, ಊಟ ಬೇರೆ. 1909ರಲ್ಲಿ ಅಜರಯ್ಯ ದೀಕ್ಷೆ ಪಡೆದು, ತೆಲುಗು ಕಲಿತು, ಹೆಂಡತಿ ಅನ್ಬು ಜತೆ ಅಲ್ಲಿಗೇ ಹೋದರು. 1912ರಲ್ಲಿ ಅವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದದ್ದು ಚರಿತ್ರೆಯ ಪುಸ್ತಕಗಳಲ್ಲಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಇನ್ನೊಂದು ಸಂಗತಿ. ದೋರ್ನಕಲ್ಲಿನ ಸಭೆಗಳಿಗೆ ಬಂದವರಲ್ಲಿ ಬಹಳ ಮಂದಿ ಮಾಲ, ಮಾದಿಗ ಸಮುದಾಯದ ಬಡ ಕೂಲಿಗಳು. ಇವರಿಂದ ಏನು ಕೇಳೋದು ಅಂತ ಅಜರಯ್ಯ ಬಿಡಲಿಲ್ಲ. ಕೊಡುವುದನ್ನು ಕಲಿಸಿದರು, ವರ್ಷಕ್ಕೊಂದು ವಾರ ಪಕ್ಕದ ಹಳ್ಳಿಗೆ ಹೋಗಿ ಸಾಕ್ಷಿ ಹೇಳುವುದನ್ನೂ ಕಲಿಸಿದರು. ಹೊಸ ಸಭೆ ಮುಂದಿನ ಹೊಸ ಸಭೆಗೆ ದಾರಿಯಾಯಿತು.

ಇದು ಅಜರಯ್ಯ ಕಂಡುಹಿಡಿದದ್ದೂ ಅಲ್ಲ. ಅಪೊಸ್ತಲರ ಕೃತ್ಯಗಳನ್ನು ಓದಿ ನೋಡಿ. ಅಂತಿಯೋಕ್ಯದ ಸಭೆ ಶುರುವಾದದ್ದು ಹಿಂಸೆಗೆ ಹೆದರಿ ಚದುರಿದ ಸಾಮಾನ್ಯರಿಂದ. ಯೆರೂಸಲೇಮಿನ ಹಿರಿಯರಿಗೆ ಸುದ್ದಿ ಹೋದದ್ದೇ ಆಮೇಲೆ. ಅದೇ ಸಭೆ ತನ್ನಲ್ಲಿದ್ದ ಒಳ್ಳೆಯ ಇಬ್ಬರನ್ನು, ಬಾರ್ನಬ ಮತ್ತು ಸೌಲನನ್ನು, ಕೈಯಿಟ್ಟು ಹರಸಿ ಕಳಿಸಿತು. ಮಿಕ್ಕವರನ್ನು ಕಳಿಸಲಿಲ್ಲ, ಬೇಕಾದವರನ್ನೇ ಕಳಿಸಿತು.

ಹಾಗಂತ ಹೊಸ ಸಭೆಗಳೆಲ್ಲ ಒಳ್ಳೆಯವೇ ಅಂತ ನಾನು ಹೇಳುತ್ತಿಲ್ಲ. ಜಗಳ ಆಡಿ, ಕೋರ್ಟು ಹತ್ತಿ, ಎದುರು ಬೀದಿಯಲ್ಲೇ ಬೋರ್ಡು ಹಾಕಿದವರನ್ನೂ ಕಂಡಿದ್ದೇವೆ. ಆದರೆ ಕಳಿಸಬೇಕಾದಾಗ ಕಳಿಸದೆ ಹಿಡಿದಿಟ್ಟರೆ ಕೊನೆಗೆ ಆಗೋದೂ ಅದೇ. ಹೊಸ ಸಭೆ ಅಂದಕೂಡಲೇ ಮತಾಂತರದ ಮಾತು ಎತ್ತುವವರಿಗೂ ಒಂದು ಮಾತು: ಈ ಹದಿನಾಲ್ಕು ಮನೆಯವರು ನಮ್ಮ ದೇವಾಲಯದಲ್ಲೇ ದೀಕ್ಷಾಸ್ನಾನ ಪಡೆದವರ ಮಕ್ಕಳು, ಮೊಮ್ಮಕ್ಕಳು.

ಕಾಣಿಕೆ ಕಡಿಮೆಯಾಗುತ್ತೆ ಅಂದ ಹಿರಿಯರ ಲೆಕ್ಕ ತಪ್ಪಲ್ಲ. ಒಂದೆರಡು ವರ್ಷ ಖಂಡಿತ ಕಡಿಮೆಯಾಗುತ್ತೆ. ಹಾಡುವ ಮೂವರು ಆ ಕಡೆಯವರೇ, ಸಂಡೇ ಸ್ಕೂಲಿನ ಟೀಚರೂ ಅಲ್ಲಿಯವರೇ. ನಷ್ಟ ಇದ್ದೇ ಇದೆ. ಆದರೆ ನಮ್ಮ ಬ್ಯಾಂಕಿನಲ್ಲಿ ಡಿಪಾಸಿಟ್ ಇದೆ, ನಮ್ಮಲ್ಲಿ ಓದಿದವರಿದ್ದಾರೆ, ಸಂಬಳದವರಿದ್ದಾರೆ. ದೋರ್ನಕಲ್ಲಿನ ಕೂಲಿಯವರ ಹತ್ತಿರ ಇದ್ಯಾವುದೂ ಇರಲಿಲ್ಲ.

ಮುಂದಿನ ತಿಂಗಳ ಮೀಟಿಂಗಿನಲ್ಲಿ ಅರ್ಜಿ ಮತ್ತೆ ಬರುತ್ತೆ. ಈ ಸಲ ನಾನು ಸುಮ್ಮನೆ ಕೂರೋದಿಲ್ಲ. ಅದಕ್ಕೂ ಮೊದಲು ಬರುವ ಭಾನುವಾರ ಸಂಜೆ ಆ ಬಡಾವಣೆಗೆ ಹೋಗಬೇಕು ಅಂದುಕೊಂಡಿದ್ದೇನೆ. ಅಲ್ಲೊಬ್ಬರ ಮನೆಯ ಹಾಲಿನಲ್ಲಿ ಆಗಲೇ ಪ್ರಾರ್ಥನೆ ನಡೀತಿದೆಯಂತೆ. ಕುರ್ಚಿ ಸಾಲದೆ ಚಾಪೆ ಹಾಸುತ್ತಾರಂತೆ.