‘ಬಿಳಿಯ ರಕ್ತ’ ಎಂಬ ಹೆಸರಿನ ಇತಿಹಾಸ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಒಂದು ರೋಗವನ್ನು ಪ್ರಥಮತಃ ಕಂಡವರು ಯಾರು ಎಂಬುದು. ಈ ಪ್ರಶ್ನೆ ನಿರರ್ಥಕವಲ್ಲ. ಆದರೆ ಅದೊಂದೇ ಸಾಲದು. ಬಿಳಿಯ ರಕ್ತಕಣಗಳು ಮಿತಿಮೀರಿ ಬೆಳೆಯುವ ಲ್ಯುಕೀಮಿಯಾ ರೋಗದ ಇತಿಹಾಸವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಇಲ್ಲಿ ಯಾರು ಮೊದಲು ಕಂಡರೆಂಬುದಕ್ಕಿಂತ, ಕಂಡುದನ್ನು ಏನೆಂದು ಕರೆದರೆಂಬುದೇ ಹೆಚ್ಚು ಮುಖ್ಯವಾಯಿತು.

ಆರೋಗ್ಯವಂತನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಕೆಂಪು ಕಣಗಳು ಸುಮಾರು 50 ಲಕ್ಷವಿದ್ದರೆ, ಬಿಳಿಯ ಕಣಗಳು ಸುಮಾರು 4,000ದಿಂದ 11,000ದವರೆಗೆ ಮಾತ್ರ ಇರುತ್ತವೆ. ಈ ವರ್ಣರಹಿತ ಕಣಗಳನ್ನು 18ನೆಯ ಶತಮಾನದಲ್ಲಿಯೇ ವಿಲಿಯಂ ಹ್ಯೂಸನ್ ವರ್ಣಿಸಿದ್ದನು. ಆದರೆ ಅವು ಎಲ್ಲಿ ಹುಟ್ಟುತ್ತವೆ, ಏನು ಮಾಡುತ್ತವೆ ಎಂಬುದು 1840ರ ದಶಕದಲ್ಲಿಯೂ ಖಚಿತವಾಗಿ ತಿಳಿದಿರಲಿಲ್ಲ. ಕೀವಿನಲ್ಲಿಯೂ ಅಂತಹವೇ ಕಣಗಳು ಕಾಣುತ್ತಿದ್ದುದರಿಂದ ತೊಡಕು ಇನ್ನೂ ಹೆಚ್ಚಿತು.

1845ರ ಅಕ್ಟೋಬರಿನಲ್ಲಿ ಎಡಿನ್‌ಬರೋದ ವೈದ್ಯ ಜಾನ್ ಹ್ಯೂಸ್ ಬೆನೆಟ್ ಒಂದು ಪ್ರಕರಣವನ್ನು ಪ್ರಕಟಿಸಿದನು. ಮನೆಗಳ ಚಾವಣಿಗೆ ಕಲ್ಲುಹಲಗೆ ಹೊದಿಸುತ್ತಿದ್ದ 28 ವರ್ಷದ ಕೆಲಸಗಾರನೊಬ್ಬನು ಗುಲ್ಮವೂ ಯಕೃತ್ತೂ ಅತಿಯಾಗಿ ಬೆಳೆದು ಮೃತನಾಗಿದ್ದನು. ಅವನ ರಕ್ತದಲ್ಲಿ ವರ್ಣರಹಿತ ಕಣಗಳು ತುಂಬಿದ್ದುದನ್ನು ಬೆನೆಟ್ ಸೂಕ್ಷ್ಮದರ್ಶಕದಲ್ಲಿ ಕಂಡನು. ದೇಹದಲ್ಲಿ ಎಲ್ಲಿಯೂ ಹುಣ್ಣಾಗಲಿ ಉರಿಯೂತವಾಗಲಿ ಕಾಣದಿದ್ದರೂ, ರಕ್ತವೇ ಕೀವಾಗಿದೆಯೆಂದು ಆತನು ನಿರ್ಣಯಿಸಿದನು.

ಮುಂದಿನ ತಿಂಗಳು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ರುಡಾಲ್ಫ್ ವಿರ್ಚೋ ಅಂತಹುದೇ ಪ್ರಕರಣವನ್ನು ಪ್ರಕಟಿಸಿದನು. ಆಗ ಅವನ ವಯಸ್ಸು 24. ರೋಗಿಯು 50 ವರ್ಷದ ಅಡುಗೆಯವಳು. ಸಹಜ ರಕ್ತದಲ್ಲಿ ಕೆಂಪು ಮತ್ತು ಬಿಳಿಯ ಕಣಗಳಿಗೆ ಇರುವ ಪ್ರಮಾಣ ಇಲ್ಲಿ ತಿರುಗುಮುರುಗಾಗಿದೆ ಎಂದು ಅವನು ತೋರಿಸಿದನು. ಇವು ಹೊರಗಿನಿಂದ ಬಂದ ಕೀವಲ್ಲ, ರಕ್ತದ್ದೇ ಕಣಗಳು ಎಂಬುದು ಅವನ ಅಭಿಪ್ರಾಯ. ಕಾರಣವನ್ನು ಊಹಿಸುವ ಗೋಜಿಗೆ ಹೋಗದೆ, ಲೇಖನಕ್ಕೆ ‘ಬಿಳಿಯ ರಕ್ತ’ ಎಂದಷ್ಟೇ ಹೆಸರಿಟ್ಟನು. 1847ರಲ್ಲಿ ಅದೇ ಅರ್ಥದ ಗ್ರೀಕ್ ಪದಗಳಿಂದ ‘ಲ್ಯುಕೀಮಿಯಾ’ ಎಂಬ ಹೆಸರನ್ನು ರಚಿಸಿದನು. 1852ರಲ್ಲಿ ಬೆನೆಟ್ ‘ಲ್ಯುಕೋಸೈಥೀಮಿಯಾ’ ಎಂಬ ಬೇರೊಂದು ಹೆಸರನ್ನು ಸೂಚಿಸಿದರೂ ಅದು ನಿಲ್ಲಲಿಲ್ಲ.

ಇವರಿಬ್ಬರಲ್ಲಿ ಬೆನೆಟ್‌ನ ವರದಿಯೇ ಮೊದಲು ಪ್ರಕಟವಾಯಿತು. ಆದರೆ ಅವನಿತ್ತ ಹೆಸರಿನೊಳಗೆ ಕಾರಣವೂ ಸೇರಿತ್ತು. ಆ ಕಾರಣ ತಪ್ಪಾಗಿತ್ತು. ವಿರ್ಚೋವಿನ ಹೆಸರು ಕಂಡುದನ್ನು ಮಾತ್ರ ಹೇಳಿ, ಮಿಕ್ಕುದನ್ನು ಮುಂದಿನವರ ವಿಚಾರಣೆಗೆ ಬಿಟ್ಟಿತು.

ಆ ವಿಚಾರಣೆಯಲ್ಲಿ ವಿರ್ಚೋವಿನ ಮಾತೂ ತಿದ್ದುಪಡಿಗೆ ಒಳಗಾಯಿತು. ಅವನು ರೋಗದ ಮೂಲವನ್ನು ಗುಲ್ಮದಲ್ಲಿಯೂ ದುಗ್ಧಗ್ರಂಥಿಗಳಲ್ಲಿಯೂ ಅರಸಿದ್ದನು. ರಕ್ತಕಣಗಳು ಹುಟ್ಟುವುದು ಅಸ್ಥಿಮಜ್ಜೆಯಲ್ಲಿ ಎಂಬುದನ್ನು 1868ರಲ್ಲಿ ಕೋನಿಗ್ಸ್‌ಬರ್ಗಿನ ಅರ್ನ್ಸ್ಟ್ ನಾಯ್ಮನ್ ತೋರಿಸಿದನು. ಲ್ಯುಕೀಮಿಯಾವನ್ನು ಮಜ್ಜೆಯೊಡನೆ ಸಂಬಂಧಿಸಿದವನೂ ಅವನೇ. 1870ರ ದಶಕದ ಕೊನೆಯಲ್ಲಿ ಪಾಲ್ ಎರ್ಲಿಕ್ ಕೃತಕ ವರ್ಣದ್ರವ್ಯಗಳಿಂದ ಬಿಳಿಯ ಕಣಗಳನ್ನು ಬಣ್ಣಗೊಳಿಸಿ, ಅವು ಒಂದೇ ಜಾತಿಯವಲ್ಲವೆಂದು ಸಿದ್ಧಪಡಿಸಿದನು. ಮಜ್ಜೆಯಲ್ಲಿ ಪಕ್ವಗೊಂಡು ರಕ್ತಕ್ಕೆ ಇಳಿಯಬೇಕಾದ ಕಣಗಳು ತೀವ್ರ ಲ್ಯುಕೀಮಿಯಾದಲ್ಲಿ ಅಪಕ್ವ ಸ್ಥಿತಿಯಲ್ಲಿಯೇ ಉಳಿದು ವೃದ್ಧಿಯಾಗುತ್ತವೆ ಎಂಬ ತಿಳಿವಳಿಕೆಗೆ ಈ ಎರಡು ಶೋಧಗಳೂ ತಳಹದಿಯಾದವು.

ರೋಗದ ನೆಲೆ ತಿಳಿದ ಬಳಿಕ ಚಿಕಿತ್ಸೆಗೂ ದಾರಿ ತೋರಿತು. ಮಜ್ಜೆಯ ಕಣಗಳ ವೃದ್ಧಿಗೆ ಫೋಲಿಕ್ ಆಮ್ಲ ಅವಶ್ಯಕ. ಅದಕ್ಕೆ ವಿರೋಧಿಯಾದ ಅಮಿನೋಪ್ಟೆರಿನ್ ಎಂಬ ದ್ರವ್ಯವು ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ, ಆಂಧ್ರದ ಭೀಮವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಸಿದ್ಧವಾಯಿತು. ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಅದನ್ನು 16 ಮಕ್ಕಳಿಗೆ ಕೊಟ್ಟು, 10 ಮಕ್ಕಳಲ್ಲಿ ರೋಗವು ತಾತ್ಕಾಲಿಕವಾಗಿ ಶಮನಗೊಂಡುದನ್ನು 1948ರಲ್ಲಿ ವರದಿ ಮಾಡಿದನು. ಸುಬ್ಬರಾವ್ ಅದೇ ವರ್ಷ ನಿಧನರಾದರು. ಕಾರಣದ ಪ್ರಶ್ನೆಗೆ ಉತ್ತರ ಇನ್ನೂ ತಡವಾಗಿ ಬಂದಿತು: ಒಂದು ಬಗೆಯ ದೀರ್ಘಕಾಲಿಕ ಲ್ಯುಕೀಮಿಯಾದಲ್ಲಿ 9 ಮತ್ತು 22ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗಿರುತ್ತವೆ ಎಂಬುದನ್ನು 1973ರಲ್ಲಿ ಜಾನೆಟ್ ರೌಲಿ ತೋರಿಸಿದಳು. 1845ರಲ್ಲಿ ತೆರೆದಿಟ್ಟ ಪ್ರಶ್ನೆಗೆ ಒಂದು ಭಾಗದ ಉತ್ತರ ದೊರೆಯಲು 128 ವರ್ಷಗಳು ಬೇಕಾದವು.

ಇತಿಹಾಸದ ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಠವುಂಟು. 1857ರ ಘಟನೆಗಳನ್ನು ‘ದಂಗೆ’ ಎಂದವರೂ ‘ಸ್ವಾತಂತ್ರ್ಯ ಸಂಗ್ರಾಮ’ ಎಂದವರೂ ಹೆಸರಿನಲ್ಲಿಯೇ ತೀರ್ಪನ್ನು ಸೇರಿಸಿದರು. ಹೆಸರಿಡದೆ ನಾವು ಬರೆಯಲಾರೆವು. ಆದರೆ ನಾವಿಡುವ ಹೆಸರಿನಲ್ಲಿ ಕಂಡುದೆಷ್ಟು, ಊಹಿಸಿದುದೆಷ್ಟು ಎಂಬ ವಿವೇಚನೆಯನ್ನು ಬಿಡಲಾಗದು.